ಉಳಿ

ಮುನ್ನೂರ ನಲವತ್ತು ಪೌಂಡು ಮಿಕ್ಕಿತ್ತು,
ಕ್ರಿಸ್‌ಮಸ್ ವಾರದ ರಾತ್ರಿಪಾಳಿಯ ದುಪ್ಪಟ್ಟು ಕೂಲಿ.
ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕತ್ತರಿ, ಚಿಮಟ
ಹಬೆಯಲ್ಲಿ ಬೇಯಿಸಿ ಜೋಡಿಸುವುದು ನನ್ನ ಕೆಲಸ.
ಬ್ಯಾಂಕಿನಲ್ಲಿಟ್ಟರೆ ನೂರಕ್ಕೆ ಎರಡು;
ಬೆಣ್ಣೆ ಮಾತ್ರ ಒಂದೇ ವರ್ಷದಲ್ಲಿ
ಅರ್ಧ ಏಣಿ ಹತ್ತಿ ಕೂತು
ಕೆಳಗೆ ನೋಡಿ ನಗುತ್ತಿತ್ತು.

"ಚಿನ್ನ ತಗೋ" ಅಂದ ನೀಲಪ್ಪ,
ಚಹಾದಲ್ಲಿ ಬಿಸ್ಕತ್ತು ಅದ್ದುತ್ತ.
ಚಿನ್ನವೇ? ನಮ್ಮ ಬೀದಿಯಲ್ಲಿ ಮೂರು ಮನೆ ಒಡೆದರು,
ಮೂರೂ ನಮ್ಮ ಕಡೆಯವರವೇ.
ಟೀವಿ ಬಿಟ್ಟು, ಲ್ಯಾಪ್‌ಟಾಪ್ ಬಿಟ್ಟು
ಬೇಳೆ ಡಬ್ಬಿಯೊಳಗೆ ಕೈ ಹಾಕಿದ್ದರಂತೆ.
ಕಳ್ಳರಿಗೂ ಗೊತ್ತು ನಮ್ಮ ಬುದ್ಧಿ.
ವಿಸ್ಕಿ ಕೊಂಡಿಟ್ಟರೆ ಬೆಲೆ ಏರುತ್ತದಂತೆ;
ನೀಲಪ್ಪನಿರುವ ಮನೆಯಲ್ಲಿ ಏರುವುದು ಬೇರೆ.

ಹಾಗಾಗಿ ಭಾನುವಾರ, ಕಣ್ಣಲ್ಲಿ ನಿದ್ದೆ ಇಟ್ಟುಕೊಂಡೇ,
ಕಾರಿನ ಡಿಕ್ಕಿ ತೆರೆದು ಹಳೆಸಾಮಾನು ಮಾರುವ ಬಯಲಿಗೆ ಹೋದೆ.
ಶೆಫೀಲ್ಡಿನ ಚಳಿ. ಕೆಸರಿಗೆ ಹಾಸಿದ ರಟ್ಟು.
ಸ್ಟ್ಯಾನಿಫೋರ್ತ್ ಎಂಬ ಮುದುಕ, ಮಡಚುವ ಮೇಜಿನ ಮೇಲೆ
ಕ್ಯಾನ್ವಾಸಿನ ಸುರುಳಿ ಬಿಚ್ಚಿದ:
ಹನ್ನೊಂದು ಉಳಿ.
ಈ ಊರಿನದೇ ಉಕ್ಕು, ಈಗ ಮುಚ್ಚಿದ ಕಾರ್ಖಾನೆಯದು,
ಕುತ್ತಿಗೆಯಲ್ಲಿ ಉಗುರಗಲದ ಮುದ್ರೆ.
ಹನ್ನೆರಡಿರಬೇಕಿತ್ತಲ್ಲ? ಒಂದು ಜೇಬು ಖಾಲಿ.
"ಅರ್ಧ ಇಂಚಿನದು ಇಲ್ಲ" ಎಂದ. ಯಾಕೆಂದು ಹೇಳಲಿಲ್ಲ.

ನನ್ನ ಭಾಷೆಯಲ್ಲಿ ಇದರ ಹೆಸರೇ ಒಂದು ಅಪ್ಪಣೆ
ಎಂದು ಅವನಿಗೆ ಹೇಗೆ ಹೇಳಲಿ?
ಉಳಿ: ಹೋಗಬೇಡ, ಇರು, ಮಿಕ್ಕಿರು.
ಇನ್ನೂರ ಅರವತ್ತಕ್ಕೆ ಮಾತಾಯಿತು.
ನೋಟು ಎಣಿಸುತ್ತ ಕೇಳಿದ: "ಬಡಗಿಯೇನಮ್ಮ?"
ಅಲ್ಲ. ಇಡುವುದಕ್ಕೆ.
ಅವನ ಮುಖ
ಆರಿದ ಹಾಲಿನ ಕೆನೆಯಂತೆ ಸುಕ್ಕಾಯಿತು.

ಮಂಚದ ಕೆಳಗೆ, ಸೋನಾಮಸೂರಿ ಚೀಲದ ಪಕ್ಕ.
ರಾತ್ರಿ ಬಸ್ಸಿನಲ್ಲಿ ಫೋನು ತೆರೆದು ಬೆಲೆ ನೋಡುವೆ:
ಯಾರೋ ಇಂಥದ್ದೇ ಮುನ್ನೂರಕ್ಕೆ ಮಾರಿದರು,
ಇನ್ಯಾರೋ ಮುನ್ನೂರ ಹದಿನೈದಕ್ಕೆ.
ಕೂಸಿನ ತೂಕ ನೋಡುವ ಬಾಣಂತಿಯ ಹಾಗೆ ಸುಖಪಟ್ಟೆ.
"ಗಿರಾಕಿ ಎಲ್ಲಿದಾನೆ?" ಅಂದ ನೀಲಪ್ಪ.
"ಮಾರಿದ ದಿನ ಬೆಲೆ. ಅಲ್ಲೀವರೆಗೆ ಬರೀ ಕಬ್ಬಿಣ."
ಅವನ ಮಾತು ಹತ್ತರಲ್ಲಿ ಒಮ್ಮೆ ಸರಿ ಇರುತ್ತದೆ.

ಮಾರ್ಚಿನಲ್ಲಿ ಸುರುಳಿ ಬಿಚ್ಚಿದರೆ
ಆರು ಅಲಗಿನ ಮೇಲೆ ಕಿತ್ತಳೆ ಚುಕ್ಕೆ,
ದಡಾರ ಎದ್ದ ಹಾಗೆ.
ಹಣದುಬ್ಬರ ಮುಟ್ಟದ್ದನ್ನು
ನಮ್ಮದೇ ಗೋಡೆಯ ತೇವ ಮುಟ್ಟಿತ್ತು.

ಮತ್ತೆ ಬಯಲು. ಮುದುಕ ಅಲ್ಲೇ ಇದ್ದ, ಈಗ ಹೂಕುಂಡ ಮಾರುತ್ತ.
ಚುಕ್ಕೆ ನೋಡಿ ಬೈಯಲಿಲ್ಲ. ಕೋಟಿನ ಒಳಜೇಬಿನಿಂದ
ಹೊರತೆಗೆದ: ಅರ್ಧ ಇಂಚಿನದು.
ನಲವತ್ತು ವರ್ಷ ಮಸೆದು ಮಸೆದು
ನನ್ನ ಕಿರುಬೆರಳಿನಷ್ಟೇ ಉಳಿದ ಉಕ್ಕು.
"ಇದಕ್ಕೆ ಎಷ್ಟು?" ಕೇಳಿಯೇಬಿಟ್ಟೆ; ಬಾಯಿಚಾಳಿ.
"ಇದನ್ನು ಯಾರೂ ಕೊಳ್ಳುವುದಿಲ್ಲ," ಅಂದ,
"ನಾನೂ ಕೊಡುವುದಿಲ್ಲ."
ವ್ಯಾನಿನ ಹಿಂಬದಿಯ ಅಂಚಿನ ಮೇಲೆ ಸಾಣೆಕಲ್ಲಿಟ್ಟು
ಎರಡು ಹನಿ ಎಣ್ಣೆ ಬಿಟ್ಟು, ನನ್ನ ಮಣಿಕಟ್ಟು ಹಿಡಿದು
ಓರೆ ತೋರಿಸಿದ. ಕಪ್ಪು ಕೆಸರು ಬಂತು.
ಅದು ಉಕ್ಕು. ನನ್ನ ಉಕ್ಕು. ಎರಡು ಪೌಂಡಿನಷ್ಟಾದರೂ
ಕಲ್ಲಿನ ಮೇಲೆ ಹರಿದುಹೋಯಿತು.

ಮನೆಗೆ ಬಂದು, ಮೂರು ಚಳಿಗಾಲದಿಂದ ಉಬ್ಬಿ
ಒದ್ದರಷ್ಟೇ ಮುಚ್ಚುತ್ತಿದ್ದ ಅಡುಗೆಮನೆ ಬಾಗಿಲಿಗೆ
ಒಂದೂವರೆ ಇಂಚಿನದನ್ನು ಒಡ್ಡಿದೆ.
ಮೊದಲು ಕಚ್ಚಿತು, ಒಂದು ಚಕ್ಕೆ ಹೆಚ್ಚೇ ಹೋಯಿತು.
ಆಮೇಲೆ ಪೈನ್ ಮರದ ಸಿಪ್ಪೆ
ಬೆಣ್ಣೆ ಕೆರೆದಂತೆ ಸುರುಳಿ ಸುರುಳಿ.
ನೀಲಪ್ಪ ಬಂದು ನೋಡಿ
"ಈಗ ಎಷ್ಟಕ್ಕೆ ಹೋಗುತ್ತೆ ಅದು?" ಅಂದ.
ಬಾಗಿಲು ಹಾಕಿ ನೋಡು ಅಂದೆ.
ಹಾಕಿದ. ಅವನು ಆಚೆ, ನಾನು ಈಚೆ.
ಚಿಲಕ ಸದ್ದಿಲ್ಲದೆ ಕೂತಿತು.